ಗೊಲ್ಲಾಳಪ್ಪನ ಕುಣಿಗೆ ಬೆಡ್ಡು

ಗೊಲ್ಲಾಳಪ್ಪ ಕುಳಿತಲ್ಲೇ ಹೋದ. ಹೈದರಾಬಾದಿನ ಮಣಿಕೊಂಡದ ಸೈಟಿಗೆ ಬೆಳಗಿನ ಎರಡನೇ ಚಹಾ ಬಂದಿತ್ತು. ಸಿಮೆಂಟು ಚೀಲದ ಮೇಲೆ ಕುಳಿತು ಕಪ್ಪು ಹಿಡಿದವನು ಹಿಡಿದುಕೊಂಡೇ ಇದ್ದ. ಪಕ್ಕದಲ್ಲಿದ್ದ ಹಂಪಯ್ಯ, ಇವನೇನೋ ವಿಚಾರ ಮಾಡುತ್ತಿದ್ದಾನೆ ಎಂದು ಸುಮ್ಮನಿದ್ದ. ಚಹಾದ ಮೇಲೆ ಕೆನೆ ಕಟ್ಟಿದಾಗ ಅನುಮಾನ ಬಂತು. ಹತ್ತು ವರ್ಷದ ಜೊತೆಯಲ್ಲಿ ಗೊಲ್ಲಾಳಪ್ಪ ಅಷ್ಟು ಹೊತ್ತು ವಿಚಾರ ಮಾಡಿದ್ದೂ ಇಲ್ಲ, ಚಹಾ ಆರಲು ಬಿಟ್ಟದ್ದೂ ಇಲ್ಲ.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಬಾಗಿಲಲ್ಲಿದ್ದವರು ನೋಡದೆಯೇ "ಬೆಡ್ ಖಾಲಿ ಇಲ್ಲ" ಅಂದರು. ಆಮೇಲೆ ಒಬ್ಬ ಡಾಕ್ಟರು ಬಂದು, ಕೈ ಹಿಡಿದು, ಕಣ್ಣು ಬಿಡಿಸಿ ನೋಡಿ "ಬೆಡ್ ಬೇಕಾಗಿಲ್ಲ" ಅಂದರು.

ಹಂಪಯ್ಯ ಸುದ್ದಿ ತಂದಾಗ ಗೊಲ್ಲಾಳಪ್ಪನ ಹೆಂಡತಿ ಸುಗಲಮ್ಮ ಸೈಟಿನ ಹಿಂದಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದಳು. ಕೇಳಿದಳು. "ಹೌದಾ" ಅಂದಳು. ಅರ್ಧ ಹಾಲ್ ಉಳಿದಿತ್ತು. ಅದನ್ನೂ ಒರೆಸಿ, ಬಟ್ಟೆ ಹಿಂಡಿ, ಬಾಲ್ಕನಿಯ ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು. ಅಷ್ಟು ಹೊತ್ತೂ ಹಂಪಯ್ಯ ಬಾಗಿಲಲ್ಲೇ ನಿಂತಿದ್ದ. ನೆಲ ಹಸಿ ಇತ್ತು, ಅವನು ಕಾಲಿಡಲಿಲ್ಲ.

ಲಿಫ್ಟಿನಲ್ಲಿ ಇಳಿಯುವಾಗ ಅತ್ತದ್ದೂ ಅವನೇ. ಸುಗಲಮ್ಮ ತನ್ನ ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಕಾದು ನೋಡಿದಳು. ನಾಲ್ಕು, ಮೂರು, ಎರಡು, ಒಂದು ಅಂತ ಅಂಕಿಗಳು ಇಳಿದವು. ಇನ್ನೇನೂ ಆಗಲಿಲ್ಲ.

"ನೀವೇನೂ ಚಿಂತಿ ಮಾಡಬ್ಯಾಡ್ರಿ ವೈನಿ," ಹಂಪಯ್ಯ ಮೂಗು ಒರೆಸಿಕೊಂಡ. "ಎಲ್ಲಾ ನಮಗ ಬಿಡ್ರಿ. ಅಣ್ಣಂದು ಒಂದ್ ನಂಬರ್ ಮಾಡ್ತೀವಿ."

ಒಂದ್ ನಂಬರ್ ಅಂದರೆ ಏನು ಎಂದು ಅವಳು ಆಗಲೇ ಕೇಳಬೇಕಾಗಿತ್ತು. ಕೇಳಲಿಲ್ಲ. ತಲೆ ಆಡಿಸಿದಳು.

ಬೆಂಗಳೂರು, ಮೈಸೂರಿನವರು ಹೈದರಾಬಾದಿಗೆ ಬಂದದ್ದು ಐಟಿಗೆ. ಶಹಾಪುರ, ಸುರಪುರದ ಕಡೆಯವರು ಬಂದದ್ದು ಐತಿಗೆ. "ಅಲ್ಲಿ ಕೆಲಸ ಐತಿ" ಎಂದು ಯಾರೋ ಅಂದರು, ಇವರು ಗಂಟು ಕಟ್ಟಿದರು. ಒಂದೇ ಅಕ್ಷರದ ವ್ಯತ್ಯಾಸ. ಅವರು ಕಟ್ಟಡದ ಹತ್ತನೇ ಅಂತಸ್ತಿಗೆ ಹೋದರು, ಇವರು ಅದರ ಬುಡಕ್ಕೆ. ಗೊಲ್ಲಾಳಪ್ಪನದು ಬುನಾದಿ ಗ್ಯಾಂಗು. ಕುಣಿ ತೋಡುವುದು, ತಳ ಸಮ ಮಾಡುವುದು, ತಳಕ್ಕೆ ನಾಲ್ಕು ಇಂಚು ಕಾಂಕ್ರೀಟಿನ ಬೆಡ್ಡು ಹಾಸುವುದು, ಅದರ ಮೇಲೆ ಕಾಲಂ ಎಬ್ಬಿಸುವುದು. ಕಾಲಂ ನೆಲಮಟ್ಟಕ್ಕೆ ಬಂದ ದಿನ ಅವನ ಪಾಲಿಗೆ ಕಟ್ಟಡ ಮುಗಿಯಿತು. ಮುಂದಿನ ಕುಣಿಗೆ ಹೊರಟ. ಕಲಸಿದ ಕಾಂಕ್ರೀಟಿಗೆ ಅವರು ಮಾಲು ಅನ್ನುತ್ತಾರೆ. ಅವನ ಮಾಲಿನ ಮೇಲೆ ಎದ್ದು ನಿಂತದ್ದರಲ್ಲಿ ಎರಡು ನಿಜವಾಗಿಯೂ ಮಾಲ್‌ಗಳೇ, ಆದರೆ ಗಾಜು ಕೂರಿಸಿದ ಮೇಲೆ ಅವನನ್ನು ಯಾರೂ ಒಳಗೆ ಕರೆಯಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಗಾಜಿನ ಗೋಪುರ ತೋರಿಸಿ ಹೆಂಡತಿಗೆ, "ಇದರ ತಳದಾಗ ನೀರು ಬಂದಿತ್ತ ನೋಡು, ಮೂರು ದಿನ ಪಂಪ್ ಹಚ್ಚೀವಿ" ಅನ್ನುತ್ತಿದ್ದ. ಊರಿಗೆಲ್ಲ ಆಕಾಶದ ಕಡೆಯಿಂದ ಕಾಣುವುದು ಅವನಿಗೆ ಪಾತಾಳದಿಂದ ಗೊತ್ತಿತ್ತು. ಕಾಲಂ ನಿಲ್ಲಿಸುವುದು ಕಲಿತವರಿಗೆ ಕಾಲ ನಿಲ್ಲಿಸುವುದು ಬರುವುದಿಲ್ಲ, ಅಷ್ಟೇ. ನಲವತ್ತೆಂಟಕ್ಕೆ ಮುಗಿಯಿತು.

ಸಿಮೆಂಟು ಅನ್ನ ಕೊಟ್ಟಿತು, ಕೈ ತಿಂದಿತು. ಬೆರಳ ಸಂದಿಯೆಲ್ಲ ಒಡೆದು ಬಿರಿದಿರುತ್ತಿತ್ತು. ಸುಗಲಮ್ಮ ಔಡಲೆಣ್ಣೆ ಹಚ್ಚಲು ಕುಳಿತರೆ "ಕ್ಯೂರಿಂಗ್ ನಡೀಲಿ" ಅನ್ನುತ್ತಿದ್ದ. ಇಪ್ಪತ್ತೊಂದು ದಿನ ನೀರು ಹೊಡೆದರೆ ಕಾಂಕ್ರೀಟಿನ ಕ್ಯೂರಿಂಗ್ ಮುಗಿಯುತ್ತದೆ. ಅವನ ಕೈ ಮಾತ್ರ ಕೊನೆಗೂ ಕ್ಯೂರ್ ಆಗಲಿಲ್ಲ. ಮಕ್ಕಳೂ ಆಗಲಿಲ್ಲ. ಇದು ಬೇಕು, ಅದು ಬೇಕು ಎಂದು ಕೇಳುವ ಮನುಷ್ಯನಲ್ಲ ಅವನು. ಕೇಳಿದ್ದು ಒಂದೇ ಒಂದು, ಅದೂ ಬೇಡ ಎಂಬುದನ್ನು.

ಎರಡು ವರ್ಷದ ಹಿಂದೆ ಲಿಂಗಂಪಲ್ಲಿಯ ಆಚೆ, ಲಿಂಗಾಯತ ಸಮಾಜದವರ ರುದ್ರಭೂಮಿಯಲ್ಲಿ ಅವನಿಗೊಂದು ಬಿಡಿ ಕೆಲಸ ಸಿಕ್ಕಿತ್ತು. ಯಾರೋ ದೊಡ್ಡವರ ಸಮಾಧಿಗೆ ಗದ್ದುಗೆ. ಕೆಳಗೆ ಕಾಂಕ್ರೀಟು, ಮೇಲೆ ಗ್ರಾನೈಟು, ಸುತ್ತ ಸ್ಟೀಲಿನ ಸರಪಳಿ. ಮನೆಗೆ ಬಂದು ಉಣ್ಣಲು ಕುಳಿತವನು ರೊಟ್ಟಿ ಮುರಿಯದೆ ಹೇಳಿದ:

"ಸುಗಲೀ, ನನಗ ಸಿಮೆಂಟು ಬ್ಯಾಡ."

"ಎದಕ್ಕ?"

"ನಾ ಸತ್ತಾಗ. ಮ್ಯಾಲೂ ಬ್ಯಾಡ, ತೆಳಗೂ ಬ್ಯಾಡ. ಒಂದ ಬೊಗಸಿನೂ ಬ್ಯಾಡ. ಮಣ್ಣಿನ್ಯಾಗ ಕುಂದ್ರಿಸಿ ಮಣ್ಣು ಎಳೀರಿ."

"ಮ್ಯಾಲೊಂದು ಗಿಡಾ ಹಚ್ಚಲೇನು?"

"ಗಿಡಕ್ಕ ದಿನಾ ನೀರು ಹೊಡ್ಯಾವ್ರು ಯಾರು? ಸತ್ತ ಮ್ಯಾಲೂ ಕ್ಯೂರಿಂಗ್ ಬ್ಯಾಡ. ಹುಲ್ಲು ತಾನ ಬರ್ತೈತಿ."

"ಮತ್ತ ನಾ ಮೊದಲ ಹೋದ್ರ?"

"ನಿಂದೂ ಹಂಗ. ಬಾಜೂಕ."

"ಆತು. ಉಣ್ಣು, ರೊಟ್ಟಿ ಆರಾಕತ್ತೈತಿ."

ಇಷ್ಟಕ್ಕೇ ನಿಂತಿದ್ದರೆ ತೊಂದರೆಯಿರಲಿಲ್ಲ. ಸುಗಲಮ್ಮ ನೆಲ ಒರೆಸುವ ಮನೆಯ ಅನ್ವಿತಾ ಮೈಸೂರಿನವಳು, ಕಂಪ್ಯೂಟರ್ ಕೆಲಸದವಳು. ಅವಳ ಬಾತ್‌ರೂಮಿನ ಸೋರಿಕೆ ನೋಡಲು ಹೋದ ಗೊಲ್ಲಾಳಪ್ಪ, ಹಳೆ ಸಿಮೆಂಟು ಕೆತ್ತುತ್ತ ಅವಳಿಗೂ ಇದನ್ನು ಹೇಳಿಬಿಟ್ಟ. ಅವಳು ಕಾಫಿ ಕೆಳಗಿಟ್ಟಳು.

"ಅಯ್ಯೋ, ಅಮೆರಿಕದಲ್ಲಿ ಈಗ ಇದೇ ಹೊಸದು, ಗೊತ್ತಾ? ಗ್ರೀನ್ ಬರಿಯಲ್ ಅಂತಾರೆ. ಪೆಟ್ಟಿಗೆ ಇಲ್ಲ, ಕಾಂಕ್ರೀಟ್ ಇಲ್ಲ, ಕೆಮಿಕಲ್ ಇಲ್ಲ. ಕಾಟನ್ ಬಟ್ಟೆ, ಬರೀ ಮಣ್ಣು. ಪರಿಸರಕ್ಕೆ ಒಳ್ಳೇದು. ಅದನ್ನ ಹೇಳಿಕೊಡೋಕೆ ವರ್ಕ್‌ಶಾಪ್ ಬೇರೆ ಮಾಡ್ತಾರಂತೆ."

"ಇದಕ್ಕ ವರ್ಕ್‌ಶಾಪ್ ಯಾಕ್ರಿ ಮೇಡಂ? ನಮ್ಮ ಮುತ್ಯಾ ಏನೂ ಕಲೀದನ ಹೋದ."

"ನಿಮ್ಮಲ್ಲಿ ಕೂರಿಸ್ತಾರೆ, ಅಲ್ವಾ?"

"ಹೌದ್ರಿ. ಜಾಗಾ ಕಮ್ಮಿ ಹಿಡೀತೈತಿ. ಈ ಹೈದರಾಬಾದಿನ ರೇಟ್ ನೋಡಿದ್ರ ಮುಂದ ಎಲ್ಲಾರೂ ಕುಂತ ಹೋಗಬೇಕಾಗ್ತೈತಿ ನೋಡ್ರಿ."

ಗ್ರೀನ್ ಅನ್ನುವ ಶಬ್ದ ಅವನಿಗೆ ರುಚಿಸಿತು. ಚಹಾದ ಹೊತ್ತಿಗೆಲ್ಲ ಗ್ಯಾಂಗಿನವರ ಮುಂದೆ "ಏನ ಆಗಲಿ, ನಂದು ಗ್ರೀನ್ ಆಗಬೇಕ್ರಲೇ" ಅನ್ನುತ್ತ ತಿರುಗಿದ. ಬಿಡಿಸಿ ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಬಿಡಿಸಿ ಕೇಳುವ ಅಭ್ಯಾಸ ಅವರಿಗೂ ಇರಲಿಲ್ಲ.

ಅವನು ಹೋದ ದಿನ ಮಧ್ಯಾಹ್ನ, ಅವರಿದ್ದ ಶೆಡ್ಡಿನ ಮುಂದೆ ಅವನ ಮೈ ತೊಳೆದು ವಿಭೂತಿ ಬಳಿದು ಗೋಡೆಗೆ ಆನಿಸಿ ಕೂರಿಸಿದ್ದರು. ಹಂಪಯ್ಯ ನಾಲ್ವರನ್ನು ಕಟ್ಟಿಕೊಂಡು ಕುಣಿ ತೋಡಲು ಮುಂದೆ ಹೋಗಿದ್ದ. ಉಳಿದವರು ಅಮರಯ್ಯನವರಿಗಾಗಿ ಕಾಯುತ್ತಿದ್ದರು. ಅಮರಯ್ಯನವರು ಜಂಗಮರು, ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆ ಪುಸ್ತಕದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ದಿನವೂ ಪುಸ್ತಕ, ಇಂಥ ದಿನ ಮಂತ್ರ. "ಅಯ್ನೋರಂದು ಎರಡೂ ಸೆಕೆಂಡ್ ಹ್ಯಾಂಡು" ಎಂದು ಗೊಲ್ಲಾಳಪ್ಪ ನಗುತ್ತಿದ್ದ. ಅವರು ರಜೆ ಕೇಳಿ, ಎರಡು ಬಸ್ಸು ಬದಲಿಸಿ, ಬಿಲ್ವಪತ್ರೆಯ ಪ್ಲಾಸ್ಟಿಕ್ ಚೀಲ ಎದೆಗವಚಿಕೊಂಡು ಇಳಿಯುವಾಗ ಎರಡು ಗಂಟೆ ದಾಟಿತ್ತು.

"ಕುಂತಲ್ಲೇ ಹೋದ ಏನವಾ?" ಅಂದರು. "ಪುಣ್ಯವಂತ. ಭಾಳ ಮಂದೀನ ನಾವ ಕುಂದ್ರಿಸಬೇಕಾಗ್ತೈತಿ. ಇವ ತಾನ ತಯಾರಾಗ್ಯಾನ."

"ಹೌದ್ರಿ ಅಯ್ನೋರ" ಅಂದಳು ಸುಗಲಮ್ಮ. ಅಳದಿದ್ದುದಕ್ಕೆ ಪಕ್ಕದ ಶೆಡ್ಡಿನ ಹೆಂಗಸರು ಅವಳ ಮುಖ ನೋಡಿದರು. ಅವಳು ಗೋಡೆಯ ಮೇಲೆ ಹೋಗುತ್ತಿದ್ದ ಇರುವೆ ಸಾಲು ನೋಡುತ್ತಿದ್ದಳು. ಸಾಲು ಗೊಲ್ಲಾಳಪ್ಪನ ಹೆಗಲ ತನಕ ಬಂದು, ಸುತ್ತು ಹಾಕಿ, ಆಚೆಗೆ ಹೋಗುತ್ತಿತ್ತು.

ಕೂರಿಸಿ ಒಯ್ಯುವ ಮಂಟಪಕ್ಕೆ ಅವರ ಕಡೆ ವಿಮಾನ ಅನ್ನುತ್ತಾರೆ. ಸೆಂಟ್ರಿಂಗ್ ಕಟ್ಟಿಗೆ, ಒಂದು ಪ್ಲಾಸ್ಟಿಕ್ ಕುರ್ಚಿ, ಚೆಂಡುಹೂವು. ಶಂಷಾಬಾದಿನ ಹೊಸ ವಿಮಾನ ನಿಲ್ದಾಣಕ್ಕೆ ಆರು ತಿಂಗಳು ಕುಣಿ ತೋಡಿದವನಿಗೆ ವಿಮಾನ ಏರುವ ಯೋಗ ಟಿಪ್ಪರಿನ ಬೆನ್ನ ಮೇಲೆ ಬಂತು. ಸುಗಲಮ್ಮ ಕುರ್ಚಿಯ ಕಾಲು ಹಿಡಿದು ಕುಳಿತಳು. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಗೊಲ್ಲಾಳಪ್ಪ ತಲೆ ಆಡಿಸಿದ. ಬದುಕಿದ್ದಾಗ ಅವಳ ಮಾತಿಗೆ ಅಷ್ಟು ಸಲ ತಲೆ ಆಡಿಸಿದ್ದು ಅವಳಿಗೆ ನೆನಪಿಲ್ಲ. ಸಿಮೆಂಟು ಬೇಡ ಅಂದಿದ್ದ ಎಂಬುದನ್ನು ಹಂಪಯ್ಯನಿಗೆ ಹೇಳಬೇಕು ಎಂದು ದಾರಿಯಲ್ಲಿ ಹೊಳೆಯಿತು. ಹೋಗಿ ಹೇಳಿದರಾಯಿತು, ಗದ್ದುಗೆ ಕಟ್ಟುವುದು ಆಮೇಲಿನ ಮಾತು ಅಂದುಕೊಂಡಳು.

ರುದ್ರಭೂಮಿಯಲ್ಲಿ ಹಂಪಯ್ಯನ ಗ್ಯಾಂಗು ಕೈ ಕಟ್ಟಿ ಸಾಲಾಗಿ ನಿಂತಿತ್ತು, ಇಂಜಿನಿಯರು ಸೈಟ್ ನೋಡಲು ಬಂದಾಗ ನಿಲ್ಲುವ ಹಾಗೆ. ಬೇವಿನ ಗಿಡದ ಕೆಳಗೆ ಉಸುಕು, ಖಡಿ, ಸಿಮೆಂಟು ಚೀಲ, ಯಾವುದೋ ಆಫೀಸಿನ ಲಾಬಿಯಲ್ಲಿ ಉಳಿದ ಕರಿ ಗ್ರಾನೈಟು. ಕುಣಿಯ ಅಳತೆಯನ್ನು ಅಮರಯ್ಯನವರು ಫೋನಿನಲ್ಲೇ ಹೇಳಿದ್ದರು: ಉದ್ದ ಒಂಬತ್ತು ಪಾದ, ಅಗಲ ಐದು ಪಾದ. ಅಳೆಯಬೇಕಾದದ್ದು ಸತ್ತವನ ಪಾದದಿಂದ. ಹಂಪಯ್ಯ ಟೇಪು ಹಿಡಿದು ಒಂಬತ್ತು ಫೂಟು, ಐದು ಫೂಟು ತೋಡಿದ್ದ. ಗೊಲ್ಲಾಳಪ್ಪ ಗಿಡ್ಡ, ಅವನ ಪಾದ ಇನ್ನೂ ಗಿಡ್ಡ. ಒಬ್ಬನಿಗೆ ಒಂದು ಕೋಣೆ ಸಾಕಾಗುವ ಕಡೆ ಟೂ ಬೆಡ್‌ರೂಮ್ ಎದ್ದಿತ್ತು. ಬದಿಗಳು ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗೆ.

ಸುಗಲಮ್ಮ ಬಗ್ಗಿ ನೋಡಿದಳು. ತಳದಲ್ಲಿ ಬೂದುಬಣ್ಣದ ಬೆಡ್ಡು, ನಾಲ್ಕು ಇಂಚು, ಕನ್ನಡಿಯಂತೆ ಸಮ. ನೀರು ಇನ್ನೂ ಮೇಲೆ ಹೊಳೆಯುತ್ತಿತ್ತು.

"ಇದೇನು ಹಂಪಣ್ಣ?"

"ಬೆಡ್ಡು ವೈನಿ. ಈಗ ತಾನ ಹಾಕಿ ಮುಗಿಸೀವಿ."

ಬೆಳಿಗ್ಗೆ ಇಲ್ಲದ ಬೆಡ್ಡು ಮಧ್ಯಾಹ್ನಕ್ಕೆ ಸಿಕ್ಕಿತ್ತು.

"ಅವ ಸಿಮೆಂಟು ಬ್ಯಾಡ ಅಂದಿದ್ದ" ಅಂದಳು. ಅವಳ ದನಿ ಅವಳಿಗೇ ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳಿಸಿತು.

"ಏನ್ ಮಾತಾಡ್ತೀರಿ ವೈನಿ! ನಮಗೆಲ್ಲಾರಿಗೂ ಸ್ವತಃ ಹೇಳ್ಯಾನ, ನಂದು ಗ್ರೀನ್ ಆಗಬೇಕು ಅಂತ. ಹೌದಲ್ಲೋ ಅಮರೇಶಪ್ಪ?"

"ಹೌದ್ರಿ," ಎಂದ ಗ್ಯಾಂಗಿನ ಅಮರೇಶಪ್ಪ, "ನೂರು ಸಲ ಹೇಳ್ಯಾನ."

"ಗ್ರೀನ್ ಅಂದ್ರ?"

"ಗ್ರೀನ್ ಅಂದ್ರ ಹಸಿ ಮಾಲು ವೈನಿ. ಹಾಕಿದ ಮಾಲು ಗಟ್ಟಿ ಆಗೂತನಕ ಗ್ರೀನ್. ಇಂಜಿನಿಯರು ದಿನಾ ಒದರ್ತಾನಲ್ಲ, ಗ್ರೀನ್ ಐತಿ ಕಾಲಿಡಬ್ಯಾಡ್ರಿ ಅಂತ! ಅಣ್ಣಗ ಅದರಾಗ ಕುಂದ್ರಬೇಕನ್ನೂ ಆಸೆ. ಮಾಲು ಸೆಟ್ ಆಗೂಕಿಂತ ಮೊದಲ ನೀವು ಬರಬೇಕಂತ ನಮಗ ಇಲ್ಲಿ ಜೀವ ಹೋಗಿ ಬಂದೈತಿ. ಹತ್ತ ಮಿನಿಟು ಲೇಟ್ ಮಾಡಿದ್ರ ಅಣ್ಣನ ಆಸೆ ಮಣ್ಣುಪಾಲು."

ಮಣ್ಣುಪಾಲಾಗುವುದೇ ಅಣ್ಣನ ಆಸೆ ಎಂದು ಸುಗಲಮ್ಮ ಹೇಳಬೇಕಾಗಿತ್ತು. ಮಾತು ಬಾಯಿಗೆ ಬರುವ ದಾರಿಯಲ್ಲಿ ಎಲ್ಲೋ ಟ್ರಾಫಿಕ್ಕಿಗೆ ಸಿಕ್ಕಿತ್ತು. ಅನ್ವಿತಾ ಮೇಡಂ ಹೇಳಿದ್ದು, ಅಮೆರಿಕ, ಕಾಟನ್ ಬಟ್ಟೆ ಎಂದು ತುಂಡು ತುಂಡಾಗಿ ಹೇಳಿದಳು. ಹಂಪಯ್ಯ ಕೇಳುತ್ತ ಕೇಳುತ್ತ ಮುಖ ಕೆಂಪು ಮಾಡಿಕೊಂಡ.

"ಆ ಮೇಡಂ ಬಾತ್‌ರೂಮ್ ರಿಪೇರಿಗೆ ಕರದು ಅಣ್ಣನ ತಲಿ ಕೆಡಿಸ್ಯಾಳ. ಆತು, ಮ್ಯಾಲೆ ಗದ್ದಿಗಿ ಬ್ಯಾಡ ಅಂದ್ರ ಕಟ್ಟಂಗಿಲ್ಲ. ಬೆಡ್ಡು ಇರ್ಲಿ ಬಿಡ್ರಿ. ತಗ್ಗು ಜಾಗಾ ಐತಿ, ಮಳಿ ನೀರು ನಿಲ್ತೈತಿ. ಬೆಡ್ಡಿಲ್ಲದ ಕುಂದ್ರಿಸಿದ್ರ ಅಣ್ಣ ಕುಸೀತಾನ."

"ಕುಸೀಲಿ. ಕುಸಿಯೂದ ಅವನ ಖುಷಿ, ಹಂಪಣ್ಣ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಗೊಲ್ಲಾಳಪ್ಪ ತೊಡೆ ತಟ್ಟಿಕೊಳ್ಳುತ್ತಿದ್ದ. ಈಗ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದ. ಯಾರೂ ನಗಲಿಲ್ಲ. ಹೇಳಿದವಳಿಗೂ ತಾನೇನು ಅಂದೆ ಎಂಬುದು ಗೊತ್ತಾಗಲಿಲ್ಲ.

ಹಂಪಯ್ಯ ಅಮರಯ್ಯನವರತ್ತ ತಿರುಗಿದ. "ನೀವ ಹೇಳ್ರಿ ಅಯ್ನೋರ. ಶಾಸ್ತ್ರದಾಗ ಸಿಮೆಂಟು ಬ್ಯಾಡ ಅಂತ ಐತೇನು?"

ಅಮರಯ್ಯನವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಪುಟ ತಿರುವಿದರು. "ಉಪ್ಪು ಐತಿ. ವಿಭೂತಿ ಐತಿ. ಪತ್ರಿ ಐತಿ. ಸಿಮೆಂಟು ಬೇಕು ಅಂತನೂ ಇಲ್ಲ, ಬ್ಯಾಡ ಅಂತನೂ ಇಲ್ಲ. ಆವಾಗ ಸಿಮೆಂಟ ಇರಲಿಲ್ಲಪಾ. ನನಗ ಕೇಳಿದ್ರ..." ಎಂದು ವಾಚು ನೋಡಿಕೊಂಡರು. "ಏನರ ಮಾಡ್ರಿ, ಲಗೂನ ಮಾಡ್ರಿ. ಹೊತ್ತು ಮುಣುಗೂಕಿಂತ ಮೊದಲ ಆಗಬೇಕು."

ಎಲ್ಲರೂ ಸುಗಲಮ್ಮನನ್ನು ನೋಡಿದರು. ಅವಳು ಬೆಡ್ಡನ್ನು ನೋಡಿದಳು. ಅದರ ಮೇಲಿನ ಹೊಳಪು ಅಂಚಿನ ಕಡೆಯಿಂದ ಮಂಕಾಗುತ್ತ ಬರುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅವಳು ಏನೂ ಮಾಡಬೇಕಾಗಿರಲಿಲ್ಲ. ಬೆಡ್ಡು ತಾನೇ ತೀರ್ಮಾನ ಮಾಡುತ್ತಿತ್ತು. ಸುಮ್ಮನಿರುವುದು ಬೆಳಗಿನಿಂದ ಅವಳಿಗೆ ಬಹಳ ಸುಲಭವಾಗಿತ್ತು. ನೆಲ ಒರೆಸಿದ್ದಳು, ತಲೆ ಆಡಿಸಿದ್ದಳು, ಕುರ್ಚಿ ಹಿಡಿದಿದ್ದಳು. ಇದೂ ಹಾಗೇ ಆಗಿಹೋಗುತ್ತಿತ್ತು.

ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕುಣಿಗೆ ಇಳಿಯಲು ಕೊರೆದಿದ್ದ ಮೂರು ಮೆಟ್ಟಿಲು ಇಳಿದಳು.

"ಏ ಏ ಏ! ಗ್ರೀನ್ ಐತಿ! ಕಾಲಿಡಬ್ಯಾಡ್ರಿ!" ಇಡೀ ಗ್ಯಾಂಗು ಒಂದೇ ಬಾಯಿಯಲ್ಲಿ ಚೀರಿತು. ಹತ್ತು ವರ್ಷದ ರೂಢಿ. ಹೆಣದ ಮುಂದೆ ನಿಂತಿದ್ದೇವೆ ಎಂಬುದು ಆಮೇಲೆ ನೆನಪಾಯಿತು.

ಅವಳು ಕಾಲಿಟ್ಟಳು. ಎರಡೂ ಪಾದ ಹೂತವು. ಬಗ್ಗಿ, ಎರಡೂ ಕೈ ಸೇರಿಸಿ, ಒಂದು ಬೊಗಸೆ ಮಾಲು ಎತ್ತಿ ಮೇಲೆ ಹಿಡಿದಳು. ಹಿಡಿದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕುಣಿಯ ಅಂಚಿನ ಮಣ್ಣಿನ ಮೇಲೆ ಸುರಿದು ಮತ್ತೆ ಬಗ್ಗಿದಳು. ಎರಡನೆಯದು. ಮೂರನೆಯದು. ಒಡೆದ ಹಿಮ್ಮಡಿಯ ಬಿರುಕುಗಳಿಗೆ ಸಿಮೆಂಟು ನೀರು ಹೊಕ್ಕಿತು. ಬೆಳಗಿನಿಂದ ಮೊದಲ ಸಲ ಅವಳಿಗೆ ಏನೋ ಉರಿಯಿತು. ಅದು ಹಿಮ್ಮಡಿ.

"ಬುಟ್ಟಿ ತರ್ರೋ" ಎಂದ ಹಂಪಯ್ಯ ಕೊನೆಗೆ. ಯಾರನ್ನೂ ನೋಡದೆ ಅಂದ. "ಅಕಿ ಕೈಲೆ ಬಳದ್ರ ನಾಳಿತನಕ ಆಗಂಗಿಲ್ಲ."

ಇಬ್ಬರು ಸಲಿಕೆ ಹಿಡಿದು ಇಳಿದರು. ಉಳಿದವರು ಸ್ಲ್ಯಾಬ್ ಹಾಕುವ ದಿನದ ಹಾಗೆ ಸಾಲು ಕಟ್ಟಿದರು. ಬುಟ್ಟಿ ಕೈಯಿಂದ ಕೈಗೆ ಹೊರಟಿತು, ಆದರೆ ತಿರುಗಾಮುರುಗಾ. ತುಂಬಿದ್ದು ಹೊರಗೆ, ಖಾಲಿ ಒಳಗೆ. ಹಾಕಿದ ಮಾಲನ್ನು ತೆಗೆದದ್ದು ಆ ಗ್ಯಾಂಗಿನ ಇತಿಹಾಸದಲ್ಲೇ ಇಲ್ಲ. ಅಮರೇಶಪ್ಪ ಒಂದೊಂದು ಬುಟ್ಟಿಗೂ "ಛೇ, ಎಂಥಾ ಮಾಲು" ಅನ್ನುತ್ತಿದ್ದ. ಗೇಟಿನ ಹತ್ತಿರ ನಲ್ಲಿಯ ಕಟ್ಟೆ ಒಡೆದಿತ್ತು. ಹಾಳಾಗುವುದು ಬೇಡ ಎಂದು ಅಲ್ಲಿಗೇ ಸುರಿದರು. ಸುಗಲಮ್ಮ ಬೆರಳಿನಿಂದ ಮೂಲೆಗಳನ್ನು ಕೆರೆದಳು. ಕೆಂಪು ಮೊರಂ ಮಣ್ಣು ಕಾಣಿಸಿತು. ಅಂಗೈ ಅಗಲ ಒಂದು ಕಲೆ ಉಳಿದಿತ್ತು. ಅದನ್ನೂ ಕೆರೆದು ತೆಗೆದು, "ಇನ್ನ ತರ್ರಿ" ಅಂದಳು.

ತಂದರು. ಮಣ್ಣಿನ ಮೇಲೆ ಕೂರಿಸಿದರು. ಕಾಲು ಮಡಚಿ ಕೊಟ್ಟದ್ದು ಹಂಪಯ್ಯ, ತಲೆ ಹಿಡಿದದ್ದು ಅಮರೇಶಪ್ಪ. ಅಮರಯ್ಯನವರು ಅವನ ಎಡಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ, ಪತ್ರೆ, ಮೇಲೆ ಉಪ್ಪು ಸುರಿಸುತ್ತ ಮಂತ್ರ ಹೇಳಿದರು. ಕುಣಿ ದೊಡ್ಡದಾಗಿದ್ದರಿಂದ ಉಪ್ಪು ಸಾಲಲಿಲ್ಲ. ಅಗಲವಾದ ಕುಣಿಯಲ್ಲಿ ಗೊಲ್ಲಾಳಪ್ಪ, ದೊಡ್ಡ ಆಫೀಸಿನ ಕೋಣೆಯಲ್ಲಿ ಒಬ್ಬನೇ ಕುಳಿತವನ ಹಾಗೆ ಕಂಡ. ಆಮೇಲೆ ಮಣ್ಣು. ಎದೆತನಕ ಬಂತು, ಗದ್ದತನಕ ಬಂತು. ಸುಗಲಮ್ಮ ತನ್ನ ಪಾಲಿನ ಮೂರು ಹಿಡಿ ಹಾಕಿ ಹಿಂದೆ ಸರಿದು ನಿಂತಳು. ಅಳು ಬರುತ್ತದೇನೋ ಎಂದು ಮತ್ತೊಮ್ಮೆ ನೋಡಿಕೊಂಡಳು. ಬರಲಿಲ್ಲ. ಕಾಲು ಮಾತ್ರ ಉರಿಯುತ್ತಿತ್ತು.

ಅಮರಯ್ಯನವರು ಕಡೆಯ ಬಸ್ಸಿನ ಮಾತೆತ್ತಿದರು. ಟಿಪ್ಪರ್ ಡ್ರೈವರು ಹಾರ್ನ್ ಹೊಡೆದ. ಒಬ್ಬೊಬ್ಬರೇ ಗೇಟಿನ ಕಡೆ ನಡೆದರು. ಹಂಪಯ್ಯ ಮಾತ್ರ ದಿಬ್ಬದ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದ. ಸೊಂಟದಿಂದ ಕರಣಿ ತೆಗೆದು ಮಣ್ಣಿನ ಅಂಚನ್ನು ಒತ್ತಿ ಒತ್ತಿ ನೆಟ್ಟಗೆ ಮಾಡುತ್ತಿದ್ದ. ಒಂದು ಬದಿ ಮುಗಿಸಿ, ಕಣ್ಣು ಕಿರಿದು ಮಾಡಿ ನೋಡಿ, ಇನ್ನೊಂದು ಬದಿಗೆ ಹೋದ. ಒಣ ಮಣ್ಣು ಕರಣಿಗೆ ನಿಲ್ಲುತ್ತಿರಲಿಲ್ಲ, ಉದುರುತ್ತಿತ್ತು. ಅವನು ಮತ್ತೆ ಒತ್ತಿದ.

"ಸಾಕು ಬಿಡು, ಹಂಪಣ್ಣ" ಅಂದಳು ಸುಗಲಮ್ಮ. "ಅವ ನೋಡಂಗಿಲ್ಲ."

"ನಾ ನೋಡ್ತೀನಲ್ರಿ ವೈನಿ" ಎಂದ ಹಂಪಯ್ಯ.